ನಿಂಬೆ-ಶುಂಠಿ-ಅರಿಶಿಣದ ಐಸ್ ಕ್ಯೂಬ್: ಕಹಿ ಬರ್ತಿದೆ, ಎರಡು ಪದರ ಆಗ್ತಿದೆ, ಗಟ್ಟಿ ಆಗ್ತಿಲ್ಲ. ಏನು ಮಾಡೋದು?

ವಿದ್ಯಾನಗರ ಲಾಸ್ಟ್ ಸ್ಟಾಪ್
ಎಲ್ಲರಿಗೂ ನಮಸ್ಕಾರ. ಸಣ್ಣ ಬಾಟಲಿಯಲ್ಲಿ ಮಾರೋ ‘ವೆಲ್‌ನೆಸ್ ಶಾಟ್’ ಥರದ್ದನ್ನ ಮನೇಲೇ ಮಾಡಿ, ಐಸ್ ಟ್ರೇಗೆ ಹೊಯ್ದು ಗಟ್ಟಿ ಮಾಡಿಟ್ಟುಕೊಂಡು, ಬೆಳಿಗ್ಗೆ ಎರಡು ಕ್ಯೂಬ್ ಬಿಸಿನೀರಿಗೆ ಹಾಕಿ ಕುಡಿಯೋ ಲೆಕ್ಕ. ಈಗಿನ ಅಳತೆ ಹೀಗಿದೆ: ನಿಂಬೆಹಣ್ಣು 8 (ಸಿಪ್ಪೆ ಸಮೇತ ಹೋಳು ಮಾಡಿ), ಮೋಸಂಬಿ 2, ಹಸಿಶುಂಠಿ 100 ಗ್ರಾಂ, ಹಸಿ ಅರಿಶಿಣ 30 ಗ್ರಾಂ, ಮೆಣಸಿನಪುಡಿ ಅರ್ಧ ಚಮಚ (ಕಾಳುಮೆಣಸಿಂದು), ಚಕ್ಕೆಪುಡಿ ಅರ್ಧ ಚಮಚ, ಜೇನುತುಪ್ಪ ಅರ್ಧ ಬಟ್ಟಲು. ಎಲ್ಲಾ ಒಟ್ಟಿಗೆ ಮಿಕ್ಸಿಗೆ ಹಾಕಿ, ರುಬ್ಬಿ, ಸೋಸಿ, ಟ್ರೇಗೆ.
ಮಾಡಿದ ತಕ್ಷಣ ರುಚಿ ಚೆನ್ನಾಗೇ ಇರುತ್ತೆ. ಎರಡು ದಿನ ಬಿಟ್ಟು ತೆಗೆದರೆ ವಿಪರೀತ ಕಹಿ. ಕ್ಯೂಬಿನ ತಳದಲ್ಲಿ ಬಿಳಿ ಪದರ, ಮೇಲೆ ಹಳದಿ. ಟ್ರೇಯಿಂದ ಬಿಡಿಸಿದರೆ ಅಂಟಂಟು, ಕೈಯಲ್ಲೇ ಕರಗುತ್ತೆ. ಸಿಂಗಲ್ ಡೋರ್ ಫ್ರಿಜ್. ಗೊತ್ತಿರೋರು ಹೇಳಿ.

ಅಡುಗೆಮನೆ ಲ್ಯಾಬ್
ಕಹಿಗೆ ಕಾರಣ ಸಿಪ್ಪೆಯ ಒಳಗಿನ ಬಿಳಿ ಭಾಗ, ಬೀಜ. ನಿಂಬೆ ಜಾತಿಯ ಹಣ್ಣುಗಳ ಬೀಜದಲ್ಲಿ, ಬಿಳಿ ತಿರುಳಿನಲ್ಲಿ ಒಂದು ಅಂಶ ಇರುತ್ತೆ. ಹಣ್ಣು ಇಡಿಯಾಗಿದ್ದಾಗ ಅದಕ್ಕೆ ರುಚಿಯೇ ಇಲ್ಲ. ರುಬ್ಬಿದಾಗ ಅದು ರಸದ ಹುಳಿಗೆ ಸೇರಿ ನಿಧಾನಕ್ಕೆ ಲಿಮೋನಿನ್ ಆಗುತ್ತೆ, ಕಹಿ ಅಂದ್ರೆ ಅದೇ. ಅದಕ್ಕೇ ರುಬ್ಬಿದ ಕೂಡಲೇ ಗೊತ್ತಾಗಲ್ಲ, ಗಂಟೆಗಟ್ಟಲೆ ಆದ್ಮೇಲೆ ಏರುತ್ತೆ. ಒಮ್ಮೆ ಬಂದ ಕಹಿನ ಜೇನು ಸುರಿದು ಮುಚ್ಚೋಕೆ ಆಗಲ್ಲ.
ರಸ ಬೇರೆ ಹಿಂಡಿ, ಬೀಜ ತೆಗೆದು, ಕೊನೆಗೆ ಸೇರಿಸಿ. ಸಿಪ್ಪೆಯ ಘಮ ಬೇಕು ಅಂದ್ರೆ ಎರಡು ನಿಂಬೆಯ ಮೇಲ್ಮೈಯನ್ನ ಮಾತ್ರ ಸಣ್ಣ ತುರಿಮಣೆಯಲ್ಲಿ ಹಗೂರಕ್ಕೆ ತುರೀರಿ. ಬಿಳಿ ಕಾಣಿಸ್ತಿದ್ದಂಗೆ ನಿಲ್ಲಿಸಿ.

ಕೋಟೆ ಹಿಂಭಾಗ
ಮೋಸಂಬಿನೂ ತೆಗೆದುಬಿಡಿ. ಮೋಸಂಬಿ ರಸ ಇಟ್ಟರೆ ಕಹಿ ಆಗೋದು ಯಾವ ಜ್ಯೂಸ್ ಅಂಗಡಿಯವರನ್ನ ಕೇಳಿದ್ರೂ ಹೇಳ್ತಾರೆ. ಹಿಂಡಿದ ಕೂಡಲೇ ಕುಡಿಯೋ ಹಣ್ಣು ಅದು, ಇಟ್ಟುಕೊಳ್ಳೋದಲ್ಲ.

ಹಿರಿಯೂರು ತೋಟ
ಸಿಪ್ಪೆಯಲ್ಲೇ ಸತ್ವ ಇರೋದು ಅಂತಾರಲ್ಲ ಸರ್? ಇಡೀ ಹಣ್ಣು ಫ್ರೀಜ್ ಮಾಡಿ ತುರಿದು ತಿನ್ನಿ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಾನೇ ಇರುತ್ತೆ.

ಅಡುಗೆಮನೆ ಲ್ಯಾಬ್
ಸಿಪ್ಪೆಯಲ್ಲಿ ಸುವಾಸನೆಯ ಎಣ್ಣೆ, ನಾರು ಇರೋದು ನಿಜ. ಆದರೆ ರುಬ್ಬಿ ಸೋಸಿದಾಗ ನಾರು ಹಿಂಡಿದ ಚರಟದ ಜತೆ ಆಚೆ ಹೋಗುತ್ತೆ, ಕಹಿ ಮಾತ್ರ ಲೋಟಕ್ಕೆ ಬರುತ್ತೆ. ಹೊರಗಿಂದ ಸಿಂಪಡಿಸಿದ ಔಷಧಿ ಕೂತಿರೋದೂ ಸಿಪ್ಪೆ ಮೇಲೇ. ತುರಿಯೋ ಹಣ್ಣನ್ನ ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೀಬೇಕು.

ಮಂಡಿಪೇಟೆ ಅಕ್ಕ
ಅಳತೆ ಹೇಳ್ತೀನಿ, ಬರ್ಕೊಳ್ರಿ. 20 ಮಿ.ಲೀ.ನ ಸುಮಾರು 20 ಕ್ಯೂಬಿಗೆ:
ನಿಂಬೆ 10. ತೆಳು ಸಿಪ್ಪೆ, ಒತ್ತಿದ್ರೆ ಮೆತ್ತಗಿರೋವು ಆರಿಸ್ರಿ. ಹಣ್ಣಿಗೆ 20 ಮಿ.ಲೀ. ಹಿಡಿದ್ರೂ 200 ಮಿ.ಲೀ. ರಸ ಬರ್ತೈತಿ. ಕುಯ್ಯೋಕೆ ಮುಂಚೆ ಅಂಗೈ ಕೆಳಗೆ ಹಾಕಿ ಕಲ್ಲಿನ ಮೇಲೆ ಉರುಳಿಸ್ರಿ. ಕಿತ್ತಳೆ ಎರಡು, ಬೀಜ ತೆಗೆದು ಹಿಂಡಿದ್ರೆ 140 ಮಿ.ಲೀ. ಆಸುಪಾಸು. ಹಸಿಶುಂಠಿ 100 ಗ್ರಾಂ, ಹಸಿ ಅರಿಶಿಣ 30 ಗ್ರಾಂ. ಕಾಳುಮೆಣಸು 1 ಗ್ರಾಂ, ಅಂದ್ರೆ ಸುಮಾರು 20 ಕಾಳು, ಆಗಲೇ ಕುಟ್ಟಿದ್ದು. ಉಪ್ಪು ಎರಡು ಚಿಟಿಕೆ. ಉಪ್ಪು ಬಿಡಬ್ಯಾಡ್ರಿ, ಅರಿಶಿಣದ ಒಗರು-ಕಹಿನ ಅದು ತಗ್ಗಿಸ್ತೈತಿ.
ಶುಂಠಿನ ಉದ್ದಕ್ಕೆ ಸೀಳಬ್ಯಾಡ್ರಿ. ಅಡ್ಡಕ್ಕೆ, ನಾಣ್ಯದಂಗೆ ತೆಳ್ಳಗೆ ಹೆಚ್ಚಿದ್ರೆ ನಾರು ತುಂಡಾಗ್ತೈತಿ, ಇಲ್ಲಾಂದ್ರೆ ಮಿಕ್ಸಿ ಬ್ಲೇಡಿಗೆ ಸುತ್ತಿಕೊಳ್ತೈತಿ. ಶುಂಠಿ, ಅರಿಶಿಣ ಚಿಕ್ಕ ಜಾರಿಗೆ ಹಾಕಿ, ನೀರಿನ ಬದಲು ಕಿತ್ತಳೆ ರಸ ಹಾಕಿ ರುಬ್ರಿ. ನಿಲ್ಲಿಸಿ ನಿಲ್ಲಿಸಿ ತಿರುಗಿಸ್ರಿ, ಒಂದೇ ಸಮ ಬಿಟ್ರೆ ಜಾರು ಬಿಸಿ ಆಗಿ ಶುಂಠಿಯ ಹಸಿ ಘಮ ಹೋಗ್ತೈತಿ. ತೆಳು ಹತ್ತಿ ಬಟ್ಟೆಯಲ್ಲಿ ಹಿಂಡ್ರಿ. ಹಿಂಡಿದ್ದನ್ನ 20 ನಿಮಿಷ ಅಲುಗಾಡಿಸದೆ ಇಡ್ರಿ. ತಳದಲ್ಲಿ ಬಿಳಿ ಗಷ್ಟು ಕೂರ್ತೈತಿ. ಮೇಲಿನ ರಸ ಮಾತ್ರ ಬಸಿದುಕೊಂಡು ನಿಂಬೆರಸ, ಮೆಣಸು, ಉಪ್ಪು ಸೇರಿಸ್ರಿ. ಆಯ್ತು.

ವಿದ್ಯಾನಗರ ಲಾಸ್ಟ್ ಸ್ಟಾಪ್
ಅಕ್ಕ, ಆ ಬಿಳಿ ಗಷ್ಟೇನಾ ನನ್ನ ಕ್ಯೂಬಿನ ತಳದ ಪದರ?

ಮಂಡಿಪೇಟೆ ಅಕ್ಕ
ಅದೇ. ಶುಂಠಿಯ ಗಂಜಿ. ಕೆಟ್ಟದ್ದಲ್ಲ, ಆದ್ರೆ ಬಿಸಿನೀರಿಗೆ ಬಿದ್ರೆ ಲೋಟದ ತಳದಾಗೆ ಲೋಳೆ ಆಗ್ತೈತಿ. ಬಲಿತ ಶುಂಠಿಯಲ್ಲಿ ಜಾಸ್ತಿ, ಎಳೆಯದ್ರಲ್ಲಿ ಕಮ್ಮಿ. ಆ ಗಷ್ಟನ್ನ ಎಸೀಬ್ಯಾಡ್ರಿ, ಸಾರಿಗೆ ಹಾಕ್ರಿ.

ಗಡಿಯಾರ ಕಂಬ
ಚಕ್ಕೆಪುಡಿ ಬಗ್ಗೆ ಯಾರೂ ಹೇಳಲಿಲ್ಲ. ಲೋಳೆಗೆ ಅದೂ ಕಾರಣ. ಚಕ್ಕೆಪುಡಿ ತಣ್ಣನೆ ರಸದಲ್ಲಿ ನೆನೆದರೆ ಜಿಗುಟಾಗುತ್ತೆ. ಪುಡಿ ಬಿಡಿ, ಒಂದಿಂಚು ಚಕ್ಕೆ, ಎರಡು ಲವಂಗ 50 ಮಿ.ಲೀ. ನೀರಲ್ಲಿ ಐದು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಸೋಸಿ ಸೇರಿಸಿ. ಇನ್ನೊಂದು, ಕಿರಾಣಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ, ಅಂದ್ರೆ ಚಕ್ಕೆಯದೇ ಇನ್ನೊಂದು ಜಾತಿ. ಅದರಲ್ಲಿ ಕೂಮರಿನ್ ಅನ್ನೋ ಅಂಶ ಜಾಸ್ತಿ, ದಿನಾ ಬಹಳ ತಗೊಂಡ್ರೆ ಲಿವರ್‌ಗೆ ಒಳ್ಳೇದಲ್ಲ. ಹಾಳೆ ಹಾಳೆಯಾಗಿ ಸುರುಳಿ ಸುತ್ತಿಕೊಂಡಿರೋ ತೆಳು ಚಕ್ಕೆ ತಗೊಳ್ಳಿ.

ಫ್ರಿಜ್ ಮೆಕ್ಯಾನಿಕ್ ದುರ್ಗ
ಗಟ್ಟಿ ಆಗದೇ ಇರೋದಕ್ಕೆ ಎರಡು ಕಾರಣ.
ಮೊದಲನೇದು ಜೇನು. ಸಕ್ಕರೆ ಅಂಶ ಜಾಸ್ತಿ ಆದಷ್ಟೂ ರಸ ಹೆಪ್ಪುಗಟ್ಟೋ ಡಿಗ್ರಿ ಕೆಳಗೆ ಹೋಗುತ್ತೆ. ಅರ್ಧ ಬಟ್ಟಲು ಜೇನು ಅಂದ್ರೆ ಒಟ್ಟು ರಸದ ಐದನೇ ಒಂದು ಭಾಗ ಸಕ್ಕರೆನೇ ಆಯ್ತು. ನೀರಿನ ಅಂಶ ಐಸ್ ಆಗ್ತಾ ಹೋದಂಗೆ ಉಳಿದ ಪಾಕ ಇನ್ನೂ ದಪ್ಪ ಆಗಿ, ಕೊನೆವರೆಗೂ ಗಟ್ಟಿ ಆಗದೇ ಕ್ಯೂಬಿನೊಳಗೇ ಉಳಿಯುತ್ತೆ. ಅದೇ ನಿಮಗೆ ಕೈಗೆ ಅಂಟೋದು. ಜೇನು, ಬೆಲ್ಲ ಯಾವುದಿದ್ರೂ ಕುಡಿಯೋವಾಗ ಲೋಟಕ್ಕೆ ಹಾಕಿಕೊಳ್ಳಿ.
ಎರಡನೇದು ಫ್ರೀಜರ್. ಫ್ರೀಜರ್ ಬಾಗಿಲ ಮೇಲಿನ ನಕ್ಷತ್ರದ ಗುರುತು ನೋಡಿ. ಒಂದಿದ್ರೆ ಮೈನಸ್ 6, ಎರಡಿದ್ರೆ ಮೈನಸ್ 12, ಮೂರಿದ್ರೆ ಮೈನಸ್ 18 ಡಿಗ್ರಿ. ಫ್ರಿಜ್ ಹೊರಗೆ ಅಂಟಿಸಿರೋ ಸ್ಟಾರ್ ಸ್ಟಿಕ್ಕರ್ ಬೇರೆ, ಅದು ಕರೆಂಟ್ ಉಳಿತಾಯದ್ದು. ಬಹಳ ಜನ ಎರಡನ್ನೂ ಒಂದೇ ಅಂದ್ಕೊಂಡಿರ್ತಾರೆ. ಮೈನಸ್ 6ರ ಫ್ರೀಜರ್‌ನಲ್ಲಿ ಜೇನು ಹಾಕಿದ ಕ್ಯೂಬ್ ಯಾವತ್ತೂ ಕಲ್ಲಾಗಲ್ಲ.
ಒಳಗೆ ಬಿಳಿ ಮಂಜು 5 ಮಿ.ಮೀ. ದಪ್ಪ ಕಟ್ಟಿದ್ರೆ ಡಿಫ್ರಾಸ್ಟ್ ಮಾಡಿ. ದಯವಿಟ್ಟು ಚಾಕು ಹಾಕಿ ಕೆತ್ತಬೇಡಿ, ಗ್ಯಾಸ್ ಪೈಪು ಅಲ್ಲೇ ಹಿಂದೆ ಇರುತ್ತೆ, ತೂತಾದರೆ ದೊಡ್ಡ ಖರ್ಚು.

ಪಿ.ಜೆ. ಬಡಾವಣೆ
ಟ್ರೇನ ಕಂಠಪೂರ್ತಿ ತುಂಬಬೇಡಿ. ನೀರು ಐಸ್ ಆದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತೆ. ಮೇಲೆ ಎರಡು ಮಿ.ಮೀ. ಬಿಡಿ, ಇಲ್ಲಾಂದ್ರೆ ಎಲ್ಲಾ ಕ್ಯೂಬೂ ಒಂದಕ್ಕೊಂದು ಅಂಟಿ ಹಲಗೆ ಆಗುತ್ತೆ.

ನಿಟ್ಟುವಳ್ಳಿ
ಪದರ ಆಗದಂಗೆ ಇನ್ನೊಂದು ಉಪಾಯ ಇದೆ. ರಸವನ್ನ ಮೊದಲು ಫ್ರಿಜ್‌ನ ಕೆಳಭಾಗದಲ್ಲಿ ಒಂದು ಗಂಟೆ ತಣ್ಣಗೆ ಮಾಡಿ, ಆಮೇಲೆ ಟ್ರೇಗೆ ಹೊಯ್ಯಿರಿ. ಬೇಗ ಹೆಪ್ಪುಗಟ್ಟಿದ್ರೆ ಅರಿಶಿಣ, ಮೆಣಸು ತಳಕ್ಕೆ ಇಳಿಯೋಕೆ ಸಮಯ ಸಿಗಲ್ಲ. ಹೊಯ್ಯುವಾಗ ಪ್ರತಿ ಸಾಲಿಗೂ ಜಗ್ಗು ಒಮ್ಮೆ ಕಲಕಿ. ಕಲಕದೇ ಹೊಯ್ದರೆ ಮೊದಲ ಕ್ಯೂಬ್ ಸಪ್ಪೆ, ಕೊನೆಯ ಕ್ಯೂಬಲ್ಲಿ ಮೆಣಸೆಲ್ಲಾ.

ಚಳ್ಳಕೆರೆ ಗೇಟ್
ಇಷ್ಟೆಲ್ಲ ಯಾಕ್ರೀ? ಕಷಾಯದ ಪುಡಿ ಐತೆ, ಕುದಿಸಿ ಕುಡೀರಿ. ನಮ್ ಕಡೆ ಎಲ್ಲಾ ಮನೇಲೂ ಅದೇ.

ಮಂಡಿಪೇಟೆ ಅಕ್ಕ
ಕಷಾಯ ಬ್ಯಾರೆ, ಇದು ಬ್ಯಾರೆ. ಒಣಶುಂಠಿ, ಧನಿಯಾ, ಜೀರಿಗೆ ಕುದಿಸಿದ್ರೇ ರುಚಿ ಬಿಡ್ತಾವು. ಹಸಿಶುಂಠಿ, ನಿಂಬೆ ಕುದಿಸಿದ್ರೆ ಆ ತಾಜಾ ಘಾಟು ಇರಂಗಿಲ್ಲ. ಮತ್ತೆ ಇದು ಬೇಸಿಗೆಗೂ ಆಗ್ತೈತಿ. ಏಪ್ರಿಲ್ ಬಿಸಿಲಾಗೆ ಕಷಾಯ ಯಾರು ಕುಡೀತಾರ? ಎರಡು ಕ್ಯೂಬ್ ತಣ್ಣೀರಿಗೆ ಹಾಕಿ, ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ ಹಾಕಿದ್ರೆ ಪಾನಕ ತಯಾರು.

ಹೊಳಲ್ಕೆರೆ ರಸ್ತೆ
ಬಿಸಿನೀರಿಗೆ ಹಾಕಿದ್ರೆ ವಿಟಮಿನ್ ಸಿ ಸತ್ತು ಹೋಗುತ್ತಲ್ಲ? ಹಂಗಾದ್ರೆ ಮಾಡಿದ್ದೆಲ್ಲಾ ವ್ಯರ್ಥ.

ಅಡುಗೆಮನೆ ಲ್ಯಾಬ್
ಲೆಕ್ಕ ಹಾಕಿ ನೋಡಿ. 150 ಮಿ.ಲೀ. ನೀರು 70 ಡಿಗ್ರಿ ಇದೆ ಅನ್ಕೊಳ್ಳಿ. ಅದಕ್ಕೆ ಮೈನಸ್ 18ರ ಎರಡು ಕ್ಯೂಬ್, ಅಂದ್ರೆ 40 ಗ್ರಾಂ ಹಾಕಿದ್ರೆ, ಕರಗಿ ಮುಗಿಯೋ ಹೊತ್ತಿಗೆ ಲೋಟ 36–37 ಡಿಗ್ರಿಗೆ ಇಳಿದಿರುತ್ತೆ. ಐಸ್ ಕರಗೋಕೇ ಅಷ್ಟು ಶಾಖ ಬೇಕು. ಒಂದೆರಡು ನಿಮಿಷದ ಬಿಸಿಗೆ ವಿಟಮಿನ್ ಸಿ ಎಲ್ಲಾ ಹೋಗಲ್ಲ. ಒಲೆ ಮೇಲೆ ಕುದಿಸಬೇಡಿ, ಅಷ್ಟೇ. ಒಂದು ಕ್ಯೂಬ್ ಸಾಕು ಅನ್ನೋರು ನೀರನ್ನ ಇನ್ನೂ ಕಮ್ಮಿ ಬಿಸಿ ಮಾಡ್ಕೊಳ್ಳಿ.

ಔಷಧಿ ಕೌಂಟರ್
ವಿಟಮಿನ್ ಮಾತು ಬಂತಲ್ಲ, ಅದನ್ನೂ ನೇರವಾಗಿ ನೋಡೋಣ. ನಿಂಬೆರಸದಲ್ಲಿ 100 ಮಿ.ಲೀ.ಗೆ 40–50 ಮಿ.ಗ್ರಾಂ ವಿಟಮಿನ್ ಸಿ. ಮೇಲಿನ ಅಳತೆಯಲ್ಲಿ ಎರಡು ಕ್ಯೂಬಿಗೆ ನಿಂಬೆ 20 ಮಿ.ಲೀ., ಕಿತ್ತಳೆ 14 ಮಿ.ಲೀ. ಬರುತ್ತೆ. ಎಲ್ಲಾ ಸೇರಿ 15 ಮಿ.ಗ್ರಾಂ ಆಸುಪಾಸು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿರೋ ದಿನದ ಪ್ರಮಾಣ ಗಂಡಸರಿಗೆ 80, ಹೆಂಗಸರಿಗೆ 65 ಮಿ.ಗ್ರಾಂ. ಒಂದು ಪೇರಲಹಣ್ಣು ತಿಂದರೆ ಅಷ್ಟೂ ಮುಗಿದು ಮೇಲೆ ಉಳಿಯುತ್ತೆ. ಇದನ್ನ ಕುಡೀರಿ, ಗಂಟಲಿಗೆ ಹಿತ, ಬಾಯಿಗೆ ರುಚಿ. ‘ಇಮ್ಯುನಿಟಿ’ ಅಂತ ನಂಬಿ ಹಣ್ಣು-ತರಕಾರಿ ಬಿಡಬೇಡಿ ಅನ್ನೋದಷ್ಟೇ ನನ್ನ ಮಾತು.

ಕೋಟೆ ಹಿಂಭಾಗ
ಮೆಣಸು ಹಾಕಿದ್ರೆ ಅರಿಶಿಣದ ಸತ್ವ 20 ಪಟ್ಟು ಹಿಡಿಯುತ್ತೆ ಅನ್ನೋದು ವಿಜ್ಞಾನವೇ ಅಲ್ವಾ? ಅದನ್ನೂ ಇಲ್ಲ ಅನ್ನಬೇಡಿ.

ಔಷಧಿ ಕೌಂಟರ್
ಇಲ್ಲ ಅನ್ನಲ್ಲ. 1998ರಲ್ಲಿ ಪ್ರಕಟವಾದ ಅಧ್ಯಯನ ಅದು, ಮಾಡಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ. ಆದರೆ ಅವರು ಮನುಷ್ಯರಿಗೆ ಕೊಟ್ಟದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್ (ಅರಿಶಿಣದ ಹಳದಿ ಸತ್ವ), ಜತೆಗೆ 20 ಮಿ.ಗ್ರಾಂ ಪೈಪರಿನ್ (ಕಾಳುಮೆಣಸಿನ ಖಾರದ ಸತ್ವ). ಈಗ ನಮ್ಮ ಕ್ಯೂಬಿಗೆ ಬನ್ನಿ. 30 ಗ್ರಾಂ ಹಸಿ ಅರಿಶಿಣ ಒಣಗಿಸಿದ್ರೆ 6 ಗ್ರಾಂ ಉಳಿಯುತ್ತೆ. ಅದರಲ್ಲಿ ನೂರಕ್ಕೆ ಮೂರು ಭಾಗ ಕರ್ಕ್ಯುಮಿನ್ ಅಂದ್ರೆ 180 ಮಿ.ಗ್ರಾಂ, 20 ಕ್ಯೂಬಿಗೆ ಹಂಚಿದ್ರೆ ತಲಾ 9. ಎರಡು ಕ್ಯೂಬಿಗೆ 18 ಮಿ.ಗ್ರಾಂ, ಅದೂ ಎಲ್ಲಾ ರಸಕ್ಕೆ ಇಳಿದಿದ್ರೆ. ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ, ಅರ್ಧಕ್ಕರ್ಧ ಬಟ್ಟೆಯ ಚರಟದಲ್ಲೇ ಉಳಿಯುತ್ತೆ. 2000 ಎಲ್ಲಿ, 18 ಎಲ್ಲಿ?

ಗಡಿಯಾರ ಕಂಬ
ಆ ಚರಟ ಚಟ್ನಿಗೋ ಪಲ್ಯದ ಒಗ್ಗರಣೆಗೋ ಹಾಕಿದ್ರೆ ಎಣ್ಣೆಯಲ್ಲಿ ಕರಗುತ್ತೆ, ಅಡುಗೆಗೂ ಬರುತ್ತೆ. ಒಂದೊಂದು ಚಮಚ ಉಂಡೆ ಮಾಡಿ ಅದನ್ನೂ ಫ್ರೀಜ್ ಮಾಡಿ. ಚಿತ್ರಾನ್ನಕ್ಕೆ ಬಹಳ ಚೆನ್ನಾಗಿರುತ್ತೆ.

ಹಿರಿಯೂರು ತೋಟ
ಚಿತ್ರಾನ್ನದ ಐಡಿಯಾ ಸೂಪರ್.

ಹೊಳಲ್ಕೆರೆ ರಸ್ತೆ
ಹಸಿ ಅರಿಶಿಣ ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುತ್ತೆ. ಉಳಿದ ತಿಂಗಳು ಪುಡಿ ಹಾಕಬಹುದಾ?

ಮಂಡಿಪೇಟೆ ಅಕ್ಕ
30 ಗ್ರಾಂ ಹಸಿದಕ್ಕೆ ಪುಡಿ 6 ಗ್ರಾಂ, ಸುಮಾರು ಎರಡು ಟೀ ಚಮಚ. ಆದ್ರೆ ಪುಡಿ ತಳ ಹಿಡಿಯೋದು ಜಾಸ್ತಿ, ಹಸಿ ವಾಸನೆನೂ ಬರ್ತೈತಿ. ಕಿತ್ತಳೆ ರಸದ ಬದಲು 50 ಮಿ.ಲೀ. ನೀರಾಗೆ ಪುಡಿ ಕಲಸಿ ಎರಡು ನಿಮಿಷ ಕುದಿಸಿ ಆರಿಸಿ ಹಾಕ್ರಿ. ನಿಂಬೆದು ಉಲ್ಟಾ. ಮಳೆಗಾಲದಾಗೆ ರೇಟು ಇಳೀತೈತಿ, ಬೇಸಿಗೆಯಾಗೆ ಮುಟ್ಟಂಗಿಲ್ಲ. ಅಗ್ಗ ಇದ್ದಾಗ ಬರೀ ನಿಂಬೆರಸನೇ ಬೇರೆ ಟ್ರೇಯಾಗೆ ಗಟ್ಟಿ ಮಾಡಿಟ್ಟುಕೊಳ್ರಿ.

ನಿಟ್ಟುವಳ್ಳಿ
ಪಾತ್ರೆ ವಿಚಾರ. ರಸ ಹಿಂಡಿಡೋಕೆ ಅಲ್ಯುಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಯಾವುದೂ ಬೇಡ. ಹುಳಿ ಲೋಹವನ್ನ ಕರಗಿಸುತ್ತೆ. ಸ್ಟೀಲು, ಗಾಜು, ಪಿಂಗಾಣಿ. ಕ್ಯೂಬ್ ಟ್ರೇ ಇಲ್ಲ ಅಂತ ಅಲ್ಯುಮಿನಿಯಂ ಇಡ್ಲಿ ತಟ್ಟೆ ಬಳಸೋರೂ ಇದಾರೆ, ಅದಂತೂ ಬೇಡವೇ ಬೇಡ. ಟ್ರೇ ಇಲ್ಲದಿದ್ರೆ ಸ್ಟೀಲ್ ತಟ್ಟೆಗೆ ಒಂದು ಬೆರಳು ದಪ್ಪ ಹೊಯ್ದು, ಅರ್ಧ ಗಟ್ಟಿ ಆದಾಗ ಬರ್ಫಿ ಥರ ಗೆರೆ ಹಾಕಿ, ಪೂರ್ತಿ ಗಟ್ಟಿ ಆದ್ಮೇಲೆ ಮುರೀರಿ.

ಪಿ.ಜೆ. ಬಡಾವಣೆ
ಸಿಲಿಕಾನ್ ಟ್ರೇ ವಾಸನೆ ಹಿಡ್ಕೊಳ್ಳುತ್ತೆ, ಮಕ್ಕಳ ಕುಲ್ಫಿಗೆ ಅದನ್ನೇ ಬಳಸಿದ್ರೆ ಶುಂಠಿ ಶುಂಠಿ. ಇದಕ್ಕೇ ಅಂತ ಒಂದು ಟ್ರೇ ಬೇರೆ ಇಡಿ.

ಹೊಳಲ್ಕೆರೆ ರಸ್ತೆ
ಮಿಕ್ಸಿ ಮುಚ್ಚಳ, ಟ್ರೇ ಎಲ್ಲಾ ಹಳದಿ ಆಗುತ್ತೆ, ಸೋಪು ಹಾಕಿದ್ರೆ ಕೆಂಪಗಾಗುತ್ತೆ. ಇದಕ್ಕೇನು?

ಅಡುಗೆಮನೆ ಲ್ಯಾಬ್
ಅರಿಶಿಣಕ್ಕೆ ಸುಣ್ಣ ಹಾಕಿದ್ರೆ ಕೆಂಪಾಗುತ್ತಲ್ಲ, ಅದೇ ಕ್ರಿಯೆ. ಸೋಪು ಕ್ಷಾರ. ನಿಂಬೆಸಿಪ್ಪೆ ಉಜ್ಜಿದ್ರೆ ಮತ್ತೆ ಹಳದಿಗೆ ತಿರುಗುತ್ತೆ. ಪೂರ್ತಿ ಹೋಗಬೇಕು ಅಂದ್ರೆ ಮೊದಲು ಒಂದು ಹನಿ ಕೊಬ್ಬರಿಎಣ್ಣೆ ಹಚ್ಚಿ ಒರೆಸಿ (ಬಣ್ಣ ಎಣ್ಣೆಗೆ ಬಿಡುತ್ತೆ), ಸೋಪಲ್ಲಿ ತೊಳೆದು, ಒದ್ದೆ ಇರೋವಾಗಲೇ ಬಿಸಿಲಿಗೆ ಇಡಿ. ಕರ್ಕ್ಯುಮಿನ್ ಬಿಸಿಲಿಗೆ ತಡೆಯಲ್ಲ, ಒಂದೆರಡು ಮಧ್ಯಾಹ್ನದಲ್ಲಿ ಬಿಳಿಚುತ್ತೆ. ನಮ್ಮೂರಲ್ಲಿ ಬಿಸಿಲಿಗೇನೂ ಬರ ಇಲ್ಲ.

ಚಳ್ಳಕೆರೆ ಗೇಟ್
ಕರೆಂಟ್ ಹೋಗಿ ಕರಗಿ ಮತ್ತೆ ಗಟ್ಟಿ ಆದ್ರೆ ಕುಡೀಬಹುದಾ? ಊರಿಗೆ ಹೋಗಿ ಬಂದ್ರೆ ಗೊತ್ತೇ ಆಗಲ್ಲ.

ಫ್ರಿಜ್ ಮೆಕ್ಯಾನಿಕ್ ದುರ್ಗ
ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ನೀರು ಗಟ್ಟಿ ಮಾಡಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಟ್ಟಿರಿ. ಬಂದು ನೋಡಿದಾಗ ನಾಣ್ಯ ಮೇಲೇ ಇದ್ರೆ ಸರಿ. ತಳಕ್ಕೆ ಹೋಗಿದ್ರೆ ಎಲ್ಲಾ ಕರಗಿ ಮತ್ತೆ ಗಟ್ಟಿ ಆಗಿದೆ ಅಂತ ಅರ್ಥ. ಎಷ್ಟು ಹೊತ್ತು ಕರಗಿತ್ತೋ ಗೊತ್ತಿಲ್ಲ, ಎಸೆಯೋದೇ ಸರಿ. ಹೆಪ್ಪುಗಟ್ಟಿದ್ರೆ ಕ್ರಿಮಿ ಸಾಯಲ್ಲ, ಬೆಳೆಯೋದು ನಿಲ್ಲುತ್ತೆ ಅಷ್ಟೇ.

ಮಂಡಿಪೇಟೆ ಅಕ್ಕ
ಅದಕ್ಕೇ ಶುಂಠಿ ತೊಳೆಯೋದ್ರಾಗೆ ಸೋಮಾರಿತನ ಬ್ಯಾಡ. ಮಣ್ಣಾಗೆ ಬೆಳೆಯೋದು. ಹತ್ತು ನಿಮಿಷ ನೆನೆಸಿ, ಕವಲು ಮುರಿದು, ಸಂದಿಯಾಗಿನ ಮಣ್ಣು ಹಳೇ ಬ್ರಷ್‌ನಾಗೆ ತಿಕ್ಕಿ, ಚಮಚದ ಅಂಚಿಂದ ಸಿಪ್ಪೆ ಹೆರೀರಿ. ಎಲ್ಲಾದ್ರೂ ಬೂಸ್ಟು, ಮೆತ್ತಗಾದ ಭಾಗ ಕಂಡ್ರೆ ಆ ತುಂಡೇ ಬ್ಯಾಡ. ಕುದಿಸೋಕೆ, ಕಲಸೋಕೆ ನೀರು ಬೇಕಾದ್ರೆ ಕಾಸಿ ಆರಿಸಿದ್ದು ಹಾಕ್ರಿ, ಬೋರ್ ನೀರು ಹಂಗೇ ಹಾಕಬ್ಯಾಡ್ರಿ.

ನಿಟ್ಟುವಳ್ಳಿ
ಗಟ್ಟಿ ಆದ ಮಾರನೇ ದಿನ ಟ್ರೇಯಿಂದ ತೆಗೆದು ಗಾಳಿ ಆಡದ ಡಬ್ಬಿಗೆ ಹಾಕಿ. ಫ್ರಾಸ್ಟ್ ಫ್ರೀ (ಮಂಜು ಕಟ್ಟದ) ಫ್ರಿಜ್‌ನಲ್ಲಿ ಹಂಗೇ ತೆರೆದು ಬಿಟ್ಟರೆ ಕ್ಯೂಬ್ ಕುಗ್ಗುತ್ತೆ, ಪಕ್ಕದ ಮೀನಿನ ವಾಸನೆ ಎಲ್ಲಾ ಎಳ್ಕೊಳ್ಳುತ್ತೆ. ಡಬ್ಬಿ ಮೇಲೆ ತಾರೀಕು ಬರೀರಿ. ಎರಡು-ಮೂರು ತಿಂಗಳೊಳಗೆ ಮುಗಿಸಿದ್ರೆ ಘಮ ಚೆನ್ನಾಗಿರುತ್ತೆ.

ಔಷಧಿ ಕೌಂಟರ್
ಯಾರು ಹುಷಾರಾಗಿರಬೇಕು ಅಂತಲೂ ಹೇಳಿಬಿಡ್ತೀನಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಥರದ ಮಾತ್ರೆ ತಗೊಳ್ಳೋರು ಅರಿಶಿಣ-ಶುಂಠಿ ದಿನಾ ಈ ಪ್ರಮಾಣದಲ್ಲಿ ಶುರು ಮಾಡೋ ಮುಂಚೆ ಡಾಕ್ಟರ್‌ನ ಕೇಳಿ. ಪಿತ್ತಕೋಶದಲ್ಲಿ ಕಲ್ಲು ಇರೋರೂ ಕೇಳಿ. ಅರಿಶಿಣದಲ್ಲಿ ಕಿಡ್ನಿಯಲ್ಲಿ ಕಲ್ಲು ಕಟ್ಟೋಕೆ ಕಾರಣ ಆಗೋ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲಿನ ತೊಂದರೆ ಇರೋರು ಅರಿಶಿಣ ಬಿಟ್ಟು ಬರೀ ನಿಂಬೆ-ಶುಂಠಿ ಮಾಡ್ಕೊಳ್ಳಿ. ಎದೆಯುರಿ ಇರೋರಿಗೆ ಖಾಲಿ ಹೊಟ್ಟೆಗೆ ಬೇಡ, ತಿಂಡಿ ಆದ್ಮೇಲೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಒಂದು ಹನಿಯೂ ಕೊಡಬಾರದು.
ಹಲ್ಲಿನ ವಿಚಾರಾನೂ ಇದೆ. ಕ್ಯೂಬ್‌ನ ಚೀಪಬೇಡಿ, ನೀರಲ್ಲಿ ಕರಗಿಸಿ ಕುಡಿದು ಬಾಯಿ ಮುಕ್ಕಳಿಸಿ. ಹುಳಿ ತಾಗಿದ ಹಲ್ಲನ್ನ ತಕ್ಷಣ ಉಜ್ಜಿದ್ರೆ ಮೇಲ್ಪದರ ಸವೆಯುತ್ತೆ, ಅರ್ಧ ಗಂಟೆ ಬಿಡಿ.

ಹಿರಿಯೂರು ತೋಟ
ಕಿತ್ತಳೆ ಸೀಸನ್ ಇಲ್ಲದಾಗ ಚಕ್ಕೋತ ಹಾಕಬಹುದಾ? ತೋಟದಲ್ಲಿ ಬೇಕಾದಷ್ಟಿದೆ.

ಔಷಧಿ ಕೌಂಟರ್
ರುಚಿಗೆ ಆಗುತ್ತೆ, ತೊಳೆ ಬಿಡಿಸಿ ಬಿಳಿ ಪೊರೆ ಪೂರ್ತಿ ತೆಗೀಬೇಕು. ಆದರೆ ಮನೇಲಿ ಯಾರಾದ್ರೂ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ತಗೊಳ್ತಿದ್ರೆ ಅವರ ಕ್ಯೂಬಿಗೆ ಚಕ್ಕೋತ ಬೇಡ. ಗ್ರೇಪ್‌ಫ್ರೂಟ್‌ನಲ್ಲಿರೋ (ಚಕ್ಕೋತದ ಜಾತಿಯದೇ ಹಣ್ಣು) ಫ್ಯುರಾನೊಕೂಮರಿನ್ ಅನ್ನೋ ಅಂಶ ಇದರಲ್ಲೂ ಇದೆ. ಕರುಳಲ್ಲಿ ಮಾತ್ರೆ ಒಡೆಯೋ ಕಿಣ್ವವನ್ನ ಅದು ತಡೆಯುತ್ತೆ, ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರುತ್ತೆ.

ಚಳ್ಳಕೆರೆ ಗೇಟ್
ಹಿಂಡಿದ ನಿಂಬೆ ಸಿಪ್ಪೆ ಹತ್ತು ಹೋಳು ಉಳೀತಲ್ಲ, ಅದಕ್ಕೆ ಉಪ್ಪು ಬೆರೆಸಿ ಉಪ್ಪಿನಕಾಯಿ ಹಾಕ್ತಾರೆ ನಮ್ ಕಡೆ.

ಗಡಿಯಾರ ಕಂಬ
ಹತ್ತು ಹಣ್ಣಿಗೆ ಇಪ್ಪತ್ತು ಹೋಳು. ಉಪ್ಪು ಎಷ್ಟು ಹಾಕ್ತೀರಿ? ರಸ ಇಲ್ಲದ ಸಿಪ್ಪೆ ಬೇಗ ಬೂಸ್ಟು ಹಿಡಿಯುತ್ತೆ.

ಮಂಡಿಪೇಟೆ ಅಕ್ಕ
ಸಿಪ್ಪೆ ತೂಕದ ಐದನೇ ಒಂದು ಭಾಗ ಉಪ್ಪು. 200 ಗ್ರಾಂ ಸಿಪ್ಪೆಗೆ 40 ಗ್ರಾಂ ಕಲ್ಲುಪ್ಪು, ಮೇಲೆ ಎರಡು ಹಣ್ಣಿನ ರಸ ಹಿಂಡ್ರಿ, ಸಿಪ್ಪೆ ಮುಳುಗಲೇಬೇಕು. ಗಾಜಿನ ಭರಣಿಯಾಗೆ ಹಾಕಿ ದಿನಕ್ಕೊಮ್ಮೆ ಕುಲುಕ್ರಿ. ಮೂರು ವಾರಕ್ಕೆ ಸಿಪ್ಪೆ ಮೆತ್ತಗಾಗಿ ಕಹಿ ತಗ್ಗಿರ್ತೈತಿ, ಆಮೇಲೆ ಖಾರದಪುಡಿ, ಮೆಂತ್ಯ, ಇಂಗಿನ ಒಗ್ಗರಣೆ.

ವಿದ್ಯಾನಗರ ಲಾಸ್ಟ್ ಸ್ಟಾಪ್
ಫ್ರೀಜರ್ ಬಾಗಿಲ ಮೇಲೆ ಒಂದೇ ನಕ್ಷತ್ರ ಇದೆ. ಜೇನು ಇಲ್ಲದೆ ಮಾಡಿದ್ರೆ ಅದರಲ್ಲೇ ಆಗುತ್ತಾ, ಮೆಕ್ಯಾನಿಕ್ ಅಣ್ಣ?

ಫ್ರಿಜ್ ಮೆಕ್ಯಾನಿಕ್ ದುರ್ಗ
ಆಗುತ್ತೆ, ಆದ್ರೆ ತಡ. ರಾತ್ರಿ ಹಾಕಿ, ಡಯಲ್ ಜಾಸ್ತಿಗೆ ತಿರುಗಿಸಿ, ಬೆಳಗಿನವರೆಗೆ ಬಾಗಿಲು ತೆಗೀಬೇಡಿ. ಟ್ರೇ ತಳ ಒದ್ದೆ ಮಾಡಿ ಫ್ರೀಜರ್‌ನ ತಗಡಿಗೆ ನೇರವಾಗಿ ಕೂರಿಸಿ, ಕೆಳಗೆ ಪ್ಲಾಸ್ಟಿಕ್ ಕವರು, ಪೇಪರು ಏನೂ ಬೇಡ. ಗಟ್ಟಿ ಆದ್ಮೇಲೆ ಡಯಲ್ ಮತ್ತೆ ಮಧ್ಯಕ್ಕೆ ತಿರುಗಿಸೋದು ಮರೀಬೇಡಿ, ಇಲ್ಲಾಂದ್ರೆ ಕೆಳಗಿನ ಸೊಪ್ಪು ಕೊರೆದು ಹೋಗುತ್ತೆ. ಒಂದು ನಕ್ಷತ್ರದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಒಂದು ವಾರಕ್ಕೆ ಆಗೋಷ್ಟೇ ಮಾಡಿ.